ಶಾಂಬೆರಿಯ ಬಾಲವಿಲ್ಲದ ಆನೆಗಳು

ಶಾಂಬೆರಿಯಲ್ಲಿ ನಾಲ್ಕು ಆನೆಗಳಿವೆ. ಫ್ರಾನ್ಸಿನ ಪೂರ್ವದಂಚಿಗೆ, ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಊರು. ಊರ ನಡುವೆ ಕಾರಂಜಿ. ಕಾರಂಜಿಯಲ್ಲಿ ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಂತ, ಎರಕದ ಕಬ್ಬಿಣದ ನಾಲ್ಕು ಆನೆ. ಸೊಂಡಿಲಿನಿಂದ ನೀರು. ಫೋಟೊದಲ್ಲಿ ನೋಡಿರಬಹುದು. ಆದರೆ ಫೋಟೊದಲ್ಲಿ ಒಂದು ಸಂಗತಿ ತಟ್ಟನೆ ಹೊಳೆಯೋದಿಲ್ಲ ನೋಡಿ. ಆ ಆನೆಗಳಿಗೆ ಹಿಂಭಾಗವೇ ಇಲ್ಲ!

ಎದುರಿಗೆ ನಿಂತರೆ ಎಲ್ಲ ಸರಿಯಾಗೇ ಇದೆ. ಹಣೆ ಇದೆ, ಮೊರದಗಲ ಕಿವಿ ಇದೆ, ದಂತ ಇದೆ, ಭದ್ರವಾಗಿ ಊರಿದ ಎರಡು ಮುಂಗಾಲಿವೆ. ಸರಿ, ಬಾಲ ಹೇಗೆ ಮಾಡಿದ್ದಾರೋ ನೋಡೋಣ ಅಂತ ಪಕ್ಕಕ್ಕೆ ಬಂದರೆ, ಹೊಟ್ಟೆಯ ಹತ್ತಿರ ಆನೆ ಕಲ್ಲಿನೊಳಗೆ ಹೋಗಿಬಿಡುತ್ತದೆ. ಇನ್ನೊಂದಿಷ್ಟು ಸುತ್ತಿ ಬಂದಿರೋ, ಎದುರಿಗೆ ಮುಂದಿನ ಆನೆಯ ಮುಖ. ಇನ್ನೂ ಸುತ್ತಿದರೆ ಅದರ ಮುಂದಿನದು. ಒಂದು ಸುತ್ತು ಪೂರ್ತಿ ಬಂದರೂ ಬಾಲ ಸಿಗೋದಿಲ್ಲ. ಪಾಲಾದ ಮನೆಯ ನಾಲ್ವರು ಅಣ್ಣತಮ್ಮಂದಿರ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ಒಂದರ ಮುಖ ಇನ್ನೊಂದಕ್ಕೆ ಕಾಣದ ಹಾಗೆ. ಊರಿನ ಜನ ಬಿಡುತ್ತಾರೆಯೇ? ಕುಂಡೆಯಿಲ್ಲದ ನಾಲ್ವರು ಅಂತ ಹೆಸರಿಟ್ಟುಬಿಟ್ಟರು. ಫ್ರೆಂಚಿನಲ್ಲಿ ಇದನ್ನು ಹೇಳುವಾಗ ಯಾರಿಗೂ ಸಂಕೋಚವಿಲ್ಲ. ದೊಡ್ಡವರು ಮಕ್ಕಳೆದುರಿಗೇ ಹೇಳುತ್ತಾರೆ, ಪ್ರವಾಸಿಗರಿಗೂ ಹೇಳಿ ನಗಿಸುತ್ತಾರೆ.

ನಮಗೆ ಇದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತೆ, ಯಾಕೆಂದರೆ ನಾವು ಆನೆಯನ್ನು ಹಿಂದಿನಿಂದ ನೋಡಿ ಬೆಳೆದವರು. ಮೈಸೂರಿನ ದಸರಾ ಮೆರವಣಿಗೆ ನೆನಪು ಮಾಡಿಕೊಳ್ಳಿ. ಸಯ್ಯಾಜಿ ರಾವ್ ರಸ್ತೆಯಲ್ಲಿ ಬೆಳಗಿನಿಂದ ಜಾಗ ಹಿಡಿದು ಕೂತಿರುತ್ತೇವೆ. ಬ್ಯಾಂಡು ಬಂತು, ಸ್ತಬ್ಧಚಿತ್ರ ಬಂತು, ಕೊನೆಗೆ ಅಂಬಾರಿ ಬಂತು ಬಂತು ಅನ್ನುವಷ್ಟರಲ್ಲಿ ಮುಂದಿದ್ದವರೆಲ್ಲ ಎದ್ದು ನಿಂತುಬಿಡುತ್ತಾರೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಸೋದರಮಾವ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಅವರು ಯಾರದೋ ಛತ್ರಿ ಸರಿಸುವಷ್ಟರಲ್ಲಿ ಆನೆ ದಾಟಿಹೋಗಿತ್ತು. ನಾನು ಕಣ್ತುಂಬ ನೋಡಿದ್ದೆಂದರೆ ಜರಿಯ ಜೂಲಿನ ಕೆಳಗೆ ಅಲ್ಲಾಡುತ್ತಿದ್ದ ಆ ಬಾಲ, ಮತ್ತು ಆ ಗಜಗಾಂಭೀರ್ಯದ ಹಿಂಭಾಗ. ಇವತ್ತಿಗೂ ದಸರಾ ಅಂದರೆ ಕಣ್ಣಿಗೆ ಕಟ್ಟೋದು ಅದೇ. ಅಂಥದ್ದರಲ್ಲಿ ಹಿಂಭಾಗವೇ ಇಲ್ಲದ ಆನೆ ಅಂದರೆ ಮನಸ್ಸಿಗೆ ಸಮಾಧಾನ ಆಗೋದಿಲ್ಲ, ಅಲ್ವಾ?

ಇರಲಿ, ಶಾಂಬೆರಿಗೇ ಬರೋಣ. ಶಿಲ್ಪಿಗೆ ಆನೆಯ ಹಿಂಭಾಗ ಮಾಡೋಕೆ ಬರುತ್ತಿರಲಿಲ್ಲ ಅಂತೇನೂ ಅಲ್ಲ. ಪಿಯೆರ್ ವಿಕ್ಟರ್ ಸಾಪೆ ಅಂತ, ಪಕ್ಕದ ಗ್ರೆನೋಬಲ್ ಊರಿನವನು. ಪ್ರಾಣಿಗಳನ್ನು ಕಡೆಯೋದರಲ್ಲಿ ಪಳಗಿದ ಕೈ. ಇದಾಗಿ ಐದು ವರ್ಷಕ್ಕೆ ತನ್ನೂರಿಗೇ ಒಂದು ಸಿಂಹದ ಕಾರಂಜಿ ಮಾಡಿಕೊಟ್ಟ. ಅದರಲ್ಲಿ ಸಿಂಹವೊಂದು ಹಾವನ್ನು ಅದುಮಿ ಹಿಡಿದಿದೆ. ಆ ಸಿಂಹ ಇಡಿಯಾಗೇ ಇದೆ! ಇಲ್ಲಿ ಅವನ ಲೆಕ್ಕಾಚಾರ ಬೇರೆ. ನಾಲ್ಕು ಆನೆಗಳನ್ನು ಹಿಂಬದಿಯಲ್ಲಿ ಕೂಡಿಸಿದರೆ, ಮೇಲಿನಿಂದ ನೋಡಿದಾಗ ಅದೊಂದು ಶಿಲುಬೆ. ಶಾಂಬೆರಿ ಇರುವ ಸವಾಯ್ ಸೀಮೆಯ ಬಾವುಟದಲ್ಲಿರುವುದೂ ಶಿಲುಬೆಯೇ. ಅಂದರೆ ಹಿಂದೂಸ್ತಾನದ ಆನೆಗಳನ್ನು ಹೊಂದಿಸಿ ಸವಾಯ್ ಬಾವುಟದ ಗುರುತು ಮೂಡಿಸಿದ್ದಾನೆ. ಆದರೆ ಒಂದು ತಮಾಷೆ ನೋಡಿ, ಆ ಶಿಲುಬೆ ಕಾಣಬೇಕಾದರೆ ಆಕಾಶದಲ್ಲಿರಬೇಕು. 1838ರಲ್ಲಿ ಅದನ್ನು ನೋಡುವ ಭಾಗ್ಯ ಇದ್ದದ್ದು ಪಾರಿವಾಳಗಳಿಗೆ ಮಾತ್ರ. ನೆಲದ ಮೇಲೆ ನಿಂತ ಜನಕ್ಕೆ ಕಂಡದ್ದು ಬಾಲವಿಲ್ಲದ್ದೇ.

ಉದ್ಘಾಟನೆ ಆದದ್ದು 1838ರ ಡಿಸೆಂಬರಿನಲ್ಲಿ. ಆಲ್ಪ್ಸ್ ತಪ್ಪಲಲ್ಲಿ ಡಿಸೆಂಬರ್ ಅಂದರೆ ಎಂಥ ಚಳಿ ಅಂತ ಕೇಳಬೇಕೆ! ಹಿಮ ಬೀಳೋ ತಿಂಗಳಲ್ಲಿ ನೀರಿನ ಕಾರಂಜಿ ಶುರು ಮಾಡೋ ಉತ್ಸಾಹ ಆ ಊರಿಗೆ ಎಲ್ಲಿಂದ ಬಂತೋ. ಒಟ್ಟು ಎತ್ತರ 17.65 ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು ಐವತ್ತೆಂಟು ಅಡಿ. ಕೆಳಗೆ ನೀರಿನ ತೊಟ್ಟಿ. ಅದರ ಮೇಲೆ ಆನೆಗಳು. ಆನೆಗಳ ಬೆನ್ನ ಮೇಲೆ ಯುದ್ಧದ ಬುರುಜು. ಅದರ ಮೇಲೆ ಕತ್ತಿ, ಗುರಾಣಿ, ಶಿರಸ್ತ್ರಾಣ, ಹೂಜಿ, ಹಸ್ತಪ್ರತಿ ಅಂತ ಪರ್ಷಿಯದ್ದು, ಮೊಗಲರದ್ದು, ಹಿಂದೂಗಳದ್ದು ಎಲ್ಲ ಸೇರಿಸಿ ಪೇರಿಸಿದ್ದಾರೆ. ಅದರ ಮೇಲೆ ತಾಳೆಮರದ ಕಾಂಡದ ಆಕಾರದ ಕಂಬ. ಕಂಬದ ತುದಿಯಲ್ಲಿ ಸೇನಾಧಿಕಾರಿಯ ಉಡುಪಿನಲ್ಲಿ ಒಬ್ಬ ಮನುಷ್ಯ. ಜನರಲ್ ದ ಬ್ವಾನ್ಯ. ಹಿಂದೂಸ್ತಾನದಲ್ಲಿ ಸಂಪಾದಿಸಿ ಬಂದು ಊರಿಗೆ ಉಪಕಾರ ಮಾಡಿದವನು, ಅವನಿಗೋಸ್ಕರವೇ ಇಷ್ಟೆಲ್ಲ. ಆದರೆ ಅಷ್ಟೆತ್ತರದಲ್ಲಿರೋ ಅವನ ಮುಖ ಯಾರಿಗೆ ಕಾಣಬೇಕು ಹೇಳಿ? ಕೈಗೆಟಕುವ ಹಾಗಿರೋದು ಆನೆಗಳು. ಸ್ಮಾರಕ ಅವನದ್ದು, ಹೆಸರು ಆನೆಗಳದ್ದು. ಇವತ್ತಿಗೂ ಅದು ಆನೆಗಳ ಕಾರಂಜಿಯೇ.

ಆನೆ ಕಾರಂಜಿ ಅಂದಾಗ ಪ್ಯಾರಿಸ್ಸಿನ ಕಥೆ ನೆನಪಾಗದೇ ಇರೋದಿಲ್ಲ. ನೆಪೋಲಿಯನ್‌ಗೆ ಇಂಥದ್ದೇ ಆಸೆ ಹುಟ್ಟಿತ್ತು, ಇದಕ್ಕಿಂತ ಇಪ್ಪತ್ತೆಂಟು ವರ್ಷ ಮೊದಲು. ಬಾಸ್ಟೀಲ್ ಚೌಕದಲ್ಲಿ 24 ಮೀಟರ್ ಎತ್ತರದ ಕಂಚಿನ ಆನೆ ನಿಲ್ಲಬೇಕು, ಅದರಿಂದ ನೀರು ಚಿಮ್ಮಬೇಕು ಅಂತ 1810ರಲ್ಲಿ ಅಪ್ಪಣೆ ಮಾಡಿಬಿಟ್ಟ. ಕಂಚಿಗೆ ಶತ್ರುಗಳಿಂದ ಕಿತ್ತುಕೊಂಡ ಫಿರಂಗಿಗಳನ್ನೇ ಕರಗಿಸಿ ಅಂದ. ಮೊದಲು ಮಾದರಿಗೆ ಇರಲಿ ಅಂತ ಮರದ ಚೌಕಟ್ಟಿನ ಮೇಲೆ ಗಾರೆ ಮೆತ್ತಿ ಪೂರ್ಣ ಗಾತ್ರದ ಆನೆಯನ್ನು ನಿಲ್ಲಿಸಿದರು. ಅಷ್ಟರಲ್ಲಿ ನೆಪೋಲಿಯನ್ನೇ ಬಿದ್ದುಹೋದ. ಕಂಚೂ ಬರಲಿಲ್ಲ, ನೀರೂ ಬರಲಿಲ್ಲ. ಗಾರೆ ಆನೆ ಮಳೆಗೆ ಉದುರುತ್ತಾ, ಹೊಟ್ಟೆ ತುಂಬ ಇಲಿ ಇಟ್ಟುಕೊಂಡು 1846ರವರೆಗೆ ಅಲ್ಲೇ ನಿಂತಿತ್ತು. ಒಬ್ಬ ಕಾವಲುಗಾರ ಅದರ ಕಾಲಿನೊಳಗೇ ವಾಸ ಮಾಡಿಕೊಂಡಿದ್ದನಂತೆ! ವಿಕ್ಟರ್ ಹ್ಯೂಗೋ ತನ್ನ 'ಲೆ ಮಿಸರಾಬ್ಲ್' ಕಾದಂಬರಿಯಲ್ಲಿ ಗಾವ್ರೋಶ್ ಅನ್ನೋ ಬೀದಿ ಹುಡುಗನನ್ನು ಮಲಗಿಸಿದ್ದು ಇದೇ ಆನೆಯ ಹೊಟ್ಟೆಯೊಳಗೆ. ಚಕ್ರವರ್ತಿಯ ಕೈಲಿ ಆಗದ್ದನ್ನು ಬೆಟ್ಟದ ಬುಡದ ಒಂದು ಸಣ್ಣ ಊರು ಮಾಡಿ ಮುಗಿಸಿತು. ಒಂದಲ್ಲ, ನಾಲ್ಕು ಆನೆ. ಅರ್ಧರ್ಧ ಲೆಕ್ಕ ಹಾಕಿದರೂ ಎರಡು ಆಯಿತಲ್ಲ!

ಇನ್ನೊಂದು ವಿಷಯ. ಇದು ಫ್ರಾನ್ಸಿನ ಕಾರಂಜಿ ಅಂತ ನಾವು ಹೇಳುತ್ತೇವೆ, ಸರಿ. ಆದರೆ ಕಟ್ಟಿದಾಗ ಆ ಊರು ಫ್ರಾನ್ಸಿನಲ್ಲಿ ಇರಲೇ ಇಲ್ಲ. ಸವಾಯ್ ಆಗ ಸಾರ್ಡೀನಿಯದ ರಾಜನದ್ದು, ರಾಜಧಾನಿ ಬೆಟ್ಟದಾಚೆಯ ಟ್ಯೂರಿನ್. ಕಂಬದ ಮೇಲಿರೋ ಜನರಲ್ ತೊಟ್ಟಿರೋ ಉಡುಪೂ ಸಾರ್ಡೀನಿಯದ್ದೇ. 1860ರಲ್ಲಿ ಒಪ್ಪಂದವಾಯಿತು, ಜನಮತ ಆಯಿತು, ಸವಾಯ್ ಫ್ರಾನ್ಸಿಗೆ ಸೇರಿತು. ಆನೆಗಳು ಕಾಲು ಕದಲಿಸದೇ ದೇಶ ಬದಲಾಯಿಸಿಬಿಟ್ಟವು. ನಮ್ಮ ಬಳ್ಳಾರಿ ಕಡೆಯ ಹಿರಿಯರೂ ಹೀಗೇ ಹೇಳುತ್ತಿದ್ದರು: ಮನೆ ಅದೇ, ಬಾವಿ ಅದೇ, ಕಾಗದದ ಮೇಲೆ ಮಾತ್ರ ಮದ್ರಾಸು ಹೋಗಿ ಮೈಸೂರು ಬಂತು ಅಂತ. ಆ ಕಾಲದವರಿಗೆ ಇದೆಲ್ಲ ಸಾಮಾನ್ಯ ಸಂಗತಿ.

ಈಗ ಆ ಕಂಬದ ಮೇಲಿನವನ ಹತ್ತಿರ ಬರೋಣ. ಹುಟ್ಟಿದಾಗ ಅವನು ಜನರಲ್ಲೂ ಅಲ್ಲ, ದ ಬ್ವಾನ್ಯನೂ ಅಲ್ಲ. ಬೆನ್ವಾ ಲೆಬೋರ್ನ್ಯ ಅಂತ, ತುಪ್ಪಳದ ಚರ್ಮ ಮಾರುವವನ ಮಗ. 1751ರಲ್ಲಿ ಇದೇ ಶಾಂಬೆರಿಯಲ್ಲಿ ಹುಟ್ಟಿದ್ದು. ಅವನಪ್ಪನ ಅಂಗಡಿಯ ಬೋರ್ಡಿನ ಮೇಲೆ ಸಿಂಹ, ಹುಲಿ, ಚಿರತೆ, ಆನೆ ಎಲ್ಲ ಬರೆಸಿತ್ತಂತೆ. ಎಷ್ಟು ಓಡಾಡಿದರೂ ಕೊನೆಗೆ ಎಲ್ಲರೂ ನಮ್ಮಂಗಡಿಗೇ ಬರಬೇಕು ಅನ್ನೋ ಅರ್ಥದ ಒಂದು ಮಾತೂ ಅದರ ಕೆಳಗಿತ್ತಂತೆ. ಹುಡುಗ ಆ ಬೋರ್ಡನ್ನೇ ನೋಡುತ್ತಾ ದೂರದೇಶದ ಕನಸು ಕಂಡ ಅಂತ ಹೇಳುತ್ತಾರೆ. ನಿಜವೋ, ಆಮೇಲೆ ಹೊಂದಿಸಿದ್ದೋ, ಹೇಗೇ ಇರಲಿ. ಆನೆ ಅವನ ಜಾತಕದಲ್ಲೇ ಬರೆದಿತ್ತು ಅನ್ನಿ. ಹದಿಹರೆಯ ದಾಟುವ ಮೊದಲೇ ಮನೆ ಬಿಟ್ಟ. ಫ್ರಾನ್ಸಿನ ದೊರೆಯ ಐರಿಷ್ ಪಡೆ ಸೇರಿದ, ಆಮೇಲೆ ರಷ್ಯದವರ ಕಡೆಯಿಂದ ತುರ್ಕರ ಮೇಲೆ ಹೋಗಿ ಅವರ ಕೈಗೆ ಸೆರೆಸಿಕ್ಕ. ಬಿಡಿಸಿಕೊಂಡು ಈಜಿಪ್ಟಿನ ದಾರಿ ಹಿಡಿದು 1778ರಲ್ಲಿ ಮದ್ರಾಸಿಗೆ ಬಂದಿಳಿದ. ಕೈಯಲ್ಲಿ ಕಾಸಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆರನೇ ಮದ್ರಾಸ್ ಪಡೆಯಲ್ಲಿ ತೀರಾ ಕೆಳಗಿನ ಅಧಿಕಾರಿಯ ಕೆಲಸ ಸಿಕ್ಕಿತು.

ಇಲ್ಲಿ ನೋಡಿ, ನಮ್ಮ ಕಥೆ ಅವನ ಕಥೆಗೆ ತಾಗೋದು. 1780ರ ಸೆಪ್ಟೆಂಬರ್ 10. ಪೊಲ್ಲಿಲೂರು. ಹೈದರಾಲಿ, ಟಿಪ್ಪು ಸೇರಿ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಸುತ್ತುಗಟ್ಟಿ ನೆಲಸಮ ಮಾಡಿದ ದಿನ. ಬೇಲಿಯ ಆ ಪಡೆಯಲ್ಲಿ ದ ಬ್ವಾನ್ಯನ ತುಕಡಿಯೂ ಇತ್ತು. ಅವನೂ ಅಲ್ಲೇ ಇರಬೇಕಾಗಿತ್ತು. ಆದರೆ ಅವನನ್ನು ದವಸಧಾನ್ಯದ ಗಾಡಿಗಳ ಬೆಂಗಾವಲಿಗೆ ಅಂತ ಬೇರೆ ಕಡೆ ಕಳಿಸಿದ್ದರು. ಅಕ್ಕಿ ಮೂಟೆ ಕಾಯಲು ಹೋದವನು ಬದುಕಿಕೊಂಡ!

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆ ನೆನಪು ಮಾಡಿಕೊಳ್ಳಿ, ಅದೇ ಯುದ್ಧದ ಚಿತ್ರ. ಶಾಲೆಯಿಂದ ಕರೆದುಕೊಂಡು ಹೋದಾಗ ಅಲ್ಲಿನ ವಯಸ್ಸಾದ ಗೈಡೊಬ್ಬರು ಕೋಲು ಹಿಡಿದು ಒಂದೊಂದೇ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಮದ್ದಿನ ಗಾಡಿ ಸಿಡಿಯುತ್ತಿದೆ ನೋಡ್ರಪ್ಪಾ, ಇಲ್ಲಿ ಪಲ್ಲಕ್ಕಿಯಲ್ಲಿ ಬೇಲಿ ಕೂತಿದಾನೆ ನೋಡಿ, ಬೆರಳು ಕಚ್ಚಿಕೊಳ್ತಿದಾನೆ ನೋಡಿ ಅಂತ. ಟಿಪ್ಪು ಮಾತ್ರ ತೋಟಕ್ಕೆ ಬಂದವನಂತೆ ಗುಲಾಬಿ ಮೂಸುತ್ತಿದ್ದ. ನಾವೆಲ್ಲ ಆ ಬೆರಳು ಕಚ್ಚಿಕೊಂಡವನನ್ನೇ ನೋಡಿ ನಕ್ಕಿದ್ದೂ ನಕ್ಕಿದ್ದೇ. ಪಾಪ, ಅವನು ಅದೇ ಊರಿನಲ್ಲಿ ಸೆರೆಯಲ್ಲೇ 1782ರಲ್ಲಿ ತೀರಿಕೊಂಡ ಅನ್ನೋದು ಆಗ ಗೊತ್ತಿರಲಿಲ್ಲ. ಗುಂಬಜಿನ ಹತ್ತಿರ ಅವನ ಸ್ಮಾರಕವೂ ಇದೆ. ಆ ಗೋಡೆಯ ಮೇಲಿನ ಗುಂಪಿನಲ್ಲಿ ಒಬ್ಬನಾಗಬೇಕಿದ್ದವನು ಶಾಂಬೆರಿಯಲ್ಲಿ ಕಂಬದ ತುದಿಗೆ ಏರಿ ನಿಂತಿದ್ದಾನೆ. ಹಣೆಬರಹ ಅಂದರೆ ಇದೇ, ಅಲ್ವಾ?

ಕಂಪನಿಯಲ್ಲಿ ಬಡ್ತಿ ಸಿಗಲಿಲ್ಲ ಅಂತ 1782ರಲ್ಲಿ ಕೆಲಸ ಬಿಟ್ಟ. ಕಲ್ಕತ್ತೆಗೆ ಹೋದ, ಲಖನೌಗೆ ಹೋದ, ಪರ್ಷಿಯನ್ ಕಲಿತ. ಅಲ್ಲಿ ಕ್ಲಾಡ್ ಮಾರ್ಟಿನ್ ಸ್ನೇಹ ಆಯಿತು. ಆ ಮಾರ್ಟಿನ್ನೂ ಅದೇ ಕಡೆಯವನೇ, ಲಿಯೋನ್ ಊರಿನವನು. ಲಖನೌ, ಕಲ್ಕತ್ತಾ, ಲಿಯೋನ್ ಮೂರೂ ಕಡೆ ಲಾ ಮಾರ್ಟಿನಿಯರ್ ಶಾಲೆಗಳಿವೆಯಲ್ಲ, ಅವು ಅವನ ಉಯಿಲಿನ ದುಡ್ಡಿನವು. ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಅವನ ಜೊತೆ ಈ ಮಾರ್ಟಿನ್ನೂ ಬಂದಿದ್ದ. ನೋಡಿ, ಎಲ್ಲಿಂದ ಎಳೆ ಹಿಡಿದರೂ ಶ್ರೀರಂಗಪಟ್ಟಣಕ್ಕೇ ಬಂದು ನಿಲ್ಲುತ್ತೆ.

ಕೊನೆಗೆ 1784ರಲ್ಲಿ ದ ಬ್ವಾನ್ಯನಿಗೆ ಯಜಮಾನ ಸಿಕ್ಕಿದ. ಮರಾಠಾ ಸರದಾರ ಮಹಾದಜಿ ಶಿಂಧೆ. ಅವನ ಹೆಸರು ಹೇಳಿದ ಮೇಲೆ ರಾಣಾ ಖಾನನ ಕಥೆ ಹೇಳದೇ ಇರೋಕಾಗೋದಿಲ್ಲ. 1761ರ ಪಾಣಿಪತ್ ಯುದ್ಧದಲ್ಲಿ ಮಹಾದಜಿಯ ಕಾಲಿಗೆ ಪೆಟ್ಟು ಬಿದ್ದು, ರಕ್ತ ಸುರಿಸಿಕೊಂಡು ಬಿದ್ದಿದ್ದ. ಆಗ ಅವನನ್ನು ಎತ್ತಿ, ತನ್ನ ಎತ್ತಿನ ಮೇಲೆ ಹಾಕಿಕೊಂಡು ಪಾರುಮಾಡಿದವನು ಒಬ್ಬ ಭಿಶ್ತಿ. ಅಂದರೆ ಚರ್ಮದ ಚೀಲದಲ್ಲಿ ನೀರು ಹೊರುವವನು. ಅವನೇ ರಾಣಾ ಖಾನ್. ಮಹಾದಜಿ ಜನ್ಮವಿಡೀ ಕುಂಟಿದ, ಆದರೆ ಉಪಕಾರ ಮರೆಯಲಿಲ್ಲ. ಆ ನೀರಿನವನನ್ನು ತಮ್ಮನಂತೆ ಇಟ್ಟುಕೊಂಡ, ದೊಡ್ಡ ಸೇನಾಪತಿಯನ್ನೇ ಮಾಡಿದ. 1788ರಲ್ಲಿ ಆಗ್ರಾ ಕಡೆಯ ಯುದ್ಧಗಳಲ್ಲಿ ನಮ್ಮ ದ ಬ್ವಾನ್ಯ ಕಾದಾಡಿದ್ದು ಇದೇ ರಾಣಾ ಖಾನನ ಜೊತೆಯಲ್ಲಿ. ಯೋಚನೆ ಮಾಡಿ. ಅವತ್ತು ಆ ಭಿಶ್ತಿ ಎತ್ತು ತಿರುಗಿಸಿಕೊಂಡು ಹೋಗಿಬಿಟ್ಟಿದ್ದರೆ ಮಹಾದಜಿ ಇಲ್ಲ. ಮಹಾದಜಿ ಇಲ್ಲದಿದ್ದರೆ ದ ಬ್ವಾನ್ಯನ ಸಂಪತ್ತಿಲ್ಲ. ಸಂಪತ್ತಿಲ್ಲದಿದ್ದರೆ ಶಾಂಬೆರಿಯಲ್ಲಿ ಕಾರಂಜಿ ಇಲ್ಲ. ಒಬ್ಬ ನೀರು ಹೊರುವವನ ಪುಣ್ಯ ಇನ್ನೊಂದು ಖಂಡದಲ್ಲಿ ನೀರಾಗಿ ಹರಿಯುತ್ತಿದೆ. ನನಗಂತೂ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಯುದ್ಧಗಳ ಪಟ್ಟಿ ನಿಮಗೆ ಬೇಡ. ಲಾಲ್‌ಸೋಟ್, ಪಾಟನ್, ಮೇಡ್ತಾ, ಲಾಖೇರಿ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಮಹಾದಜಿಗಾಗಿ ದ ಬ್ವಾನ್ಯ ನಡೆಸಿದ ಪಡೆ ಎಷ್ಟು ಬಿರುಸಾಗಿ ನಡೆಯುತ್ತಿತ್ತೆಂದರೆ ಜನ ಅದನ್ನು ಹಕ್ಕಿಯ ಪಡೆ ಅಂತಿದ್ದರಂತೆ. ಸಿಪಾಯಿಗಳಿಗೆ ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದ, ಗಾಯಗೊಂಡವರನ್ನು ಕೈಬಿಡುತ್ತಿರಲಿಲ್ಲ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ ಕಣ್ರೀ. ತಿಂಗಳುಗಟ್ಟಲೆ ಸಂಬಳವಿಲ್ಲದೆ ಸರದಾರನ ಡೇರೆ ಮುಂದೆ ಧರಣಿ ಕೂರುವುದೇ ಸಿಪಾಯಿಗಳ ಪಾಡಾಗಿತ್ತು. 1794ರಲ್ಲಿ ಮಹಾದಜಿ ತೀರಿಕೊಂಡ. ಮುಂದಿನ ವರ್ಷದ ಕೊನೆಗೆ ಇವನೂ ಗಂಟುಮೂಟೆ ಕಟ್ಟಿದ. 1797ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದ್ದ.

ಒಬ್ಬನೇ ಹೋಗಲಿಲ್ಲ. ಜೊತೆಯಲ್ಲಿ ಹೆಂಡತಿ ನೂರ್ ಬೇಗಂ, ಒಬ್ಬಳು ಮಗಳು, ಒಬ್ಬ ಮಗ. ಮನೆಯಲ್ಲಿ ಮಕ್ಕಳು ಬಾನು ಜಾನ್, ಅಲಿ ಬಕ್ಷ್. ಇಂಗ್ಲೆಂಡಿನಲ್ಲಿ ಆನ್, ಚಾರ್ಲ್ಸ್ ಆದರು. ನೂರ್ ಬೇಗಂ ಹೆಲೆನ್ ಬೆನೆಟ್ ಆದಳು. ಹೆಸರು ಬದಲಾಯಿಸಿಕೊಂಡರೂ ಬಾಳು ನೆಟ್ಟಗಾಗಲಿಲ್ಲ. ಅವಳನ್ನು ಪಕ್ಕಕ್ಕೆ ಸರಿಸಿ 1798ರಲ್ಲಿ ಅವನು ಇನ್ನೊಂದು ಮದುವೆಯಾದ. ಅವನಿಗೆ ನಲವತ್ತೇಳು, ಹುಡುಗಿ ಅದೆಲ್‌ಗೆ ಹದಿನೇಳು. ಕ್ರಾಂತಿಗೆ ಹೆದರಿ ಓಡಿಬಂದ ಫ್ರೆಂಚ್ ಕುಲೀನರ ಮಗಳು. ಆ ಮನೆಗೆ ದುಡ್ಡು ಬೇಕಿತ್ತು, ಇವನಿಗೆ ದೊಡ್ಡ ಮನೆತನ ಬೇಕಿತ್ತು. ವರ್ಷ ತುಂಬುವ ಮೊದಲೇ ಜಗಳ. ಅವಳು ಮುಂದೆ ಬರೆದಿಟ್ಟ ನೆನಪುಗಳು ಅವಳು ಸತ್ತ ಎಷ್ಟೋ ವರ್ಷದ ಮೇಲೆ, 1907ರಲ್ಲಿ, ಅಚ್ಚಾಗಿ ಬಂದು ಪ್ರಸಿದ್ಧವಾದವು. ಗಂಡನ ಬಗ್ಗೆ ಅದರಲ್ಲಿ ಒಳ್ಳೆಯ ಮಾತು ಹುಡುಕಬೇಕು.

ನೂರ್ ಬೇಗಂ ಮಾತ್ರ ಏನೂ ಬರೆದಿಡಲಿಲ್ಲ. ಆ ಚಳಿಯಲ್ಲಿ, ಐವತ್ತಕ್ಕೂ ಹೆಚ್ಚು ವರ್ಷ ಪರದೇಶದಲ್ಲಿ ಇದ್ದು, ಸಸೆಕ್ಸ್ ಸೀಮೆಯ ಹಾರ್ಶಮ್ ಊರಿನ ಹತ್ತಿರ 1853ರಲ್ಲಿ ತೀರಿಕೊಂಡಳು. ಗೋರಿ ಅಲ್ಲೇ ಇದೆ. ಅವಳ ಮಗನನ್ನು ಅಪ್ಪ ಶಾಂಬೆರಿಗೆ ಕರೆಸಿಕೊಂಡ, ಅವನೇ ವಾರಸುದಾರನಾದ, ವಂಶ ಬೆಳೆದದ್ದೂ ಅವನಿಂದಲೇ. ಅದೆಲ್‌ಗೆ ಮಕ್ಕಳಿರಲಿಲ್ಲ. 1838ರಲ್ಲಿ ಕಾರಂಜಿ ನಿಂತಾಗ ಇಬ್ಬರು ಹೆಂಡಿರೂ ಬದುಕಿದ್ದರು. ಒಬ್ಬಳು ಪ್ಯಾರಿಸ್ಸಿನ ದೊಡ್ಡವರ ಬೈಠಕ್ಕುಗಳಲ್ಲಿ, ಒಬ್ಬಳು ಸಸೆಕ್ಸಿನ ಕಾಡಂಚಿನ ಮನೆಯಲ್ಲಿ.

ಈಗ ದುಡ್ಡಿನ ವಿಷಯ. ಊರಿಗೆ ಮರಳಿದ ದ ಬ್ವಾನ್ಯ ದುಡ್ಡನ್ನು ಕೂಡಿಟ್ಟುಕೊಳ್ಳಲಿಲ್ಲ. ದಿಕ್ಕಿಲ್ಲದ ಮುದುಕರಿಗೆ ಆಶ್ರಮ, ಆಸ್ಪತ್ರೆಗೆ ಹಾಸಿಗೆಗಳು, ಮಾನಸಿಕ ರೋಗಿಗಳಿಗೆ ಆಸರೆ, ರಂಗಮಂದಿರಕ್ಕೆ ನೆರವು, ಹೀಗೆ ಲಕ್ಷಗಟ್ಟಲೆ ಫ್ರಾಂಕ್ ಸುರಿದ. ಹಳೇ ಊರಿನ ಇಕ್ಕಟ್ಟಿನ ಮನೆಗಳನ್ನು ತೆಗೆಸಿ ನೇರವಾದ ಒಂದು ಬೀದಿ ಮಾಡಿಸಿದ. ಎರಡೂ ಬದಿ ಕಮಾನಿನ ಮೊಗಸಾಲೆ, ಟ್ಯೂರಿನ್ ಮಾದರಿಯದು. ಮಳೆ ಬಂದರೂ ಛತ್ರಿ ಬಿಚ್ಚದೆ ಅಂಗಡಿ ಬೀದಿ ಸುತ್ತಬಹುದು. ಆ ಬೀದಿಯ ಒಂದು ತುದಿ ಹಳೇ ಅರಮನೆಯ ಕಡೆ, ಇನ್ನೊಂದು ತುದಿ ಇದೇ ಆನೆಗಳ ಹತ್ತಿರ. 1830ರಲ್ಲಿ ಅವನು ಸತ್ತ ಮೇಲೆ ಊರು ಸ್ಮಾರಕ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಷ್ಟು ಕೊಟ್ಟವನನ್ನೂ ಜನ ಸುಮ್ಮನೆ ಬಿಟ್ಟರೇ? ಚರ್ಮ ಮಾರುವವನ ಮಗನಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ಗುಸುಗುಸು ಎದ್ದಿತು. ಯಾರೋ ಉತ್ತರವನ್ನೂ ಕಟ್ಟಿದರು: ಅದು ಟಿಪ್ಪು ಸುಲ್ತಾನನನ್ನು ಇಂಗ್ಲಿಷರಿಗೆ ಹಿಡಿದುಕೊಟ್ಟು ಪಡೆದ ದುಡ್ಡು ಅಂತ! ಟಿಪ್ಪುವಿನ ಹೆಸರು ಆಗ ಯುರೋಪಿನಲ್ಲೆಲ್ಲ ಮನೆಮಾತು. ಹಿಂದೂಸ್ತಾನದಿಂದ ಬಂದ ಸಿರಿವಂತ ಅಂದಮೇಲೆ ಟಿಪ್ಪುವಿಗೆ ಗಂಟುಹಾಕೋದು ಸುಲಭ. ಈ ಅಪವಾದ ಅವನು ಬದುಕಿರುವಾಗಲೂ ಕಾಡಿತು, ಸತ್ತ ಮೇಲೂ ಬಿಡಲಿಲ್ಲ.

ಈ ವಿಷಯದಲ್ಲಿ ಸಾಕ್ಷಿ ಹೇಳಬೇಕಾದವರು ನಾವು, ಅಲ್ವಾ? ಶ್ರೀರಂಗಪಟ್ಟಣದ ಕೋಟೆಯ ಗೋಡೆ ಒಡೆದು ಟಿಪ್ಪು ಬಿದ್ದದ್ದು 1799ರ ಮೇ 4. ನಮ್ಮ ಚಿಕ್ಕ ಮಕ್ಕಳೂ ದ್ರೋಹಿ ಯಾರು ಅಂದರೆ ಮೀರ್ ಸಾದಿಕ್ ಅಂತಾರೆ. ಈ ದ ಬ್ವಾನ್ಯ ಟಿಪ್ಪುವಿನ ಕೈಕೆಳಗೆ ಒಂದು ದಿನವೂ ಇರಲಿಲ್ಲ. ದಕ್ಷಿಣ ಬಿಟ್ಟದ್ದು 1782ರಲ್ಲಿ, ಹೈದರಾಲಿ ಇನ್ನೂ ಬದುಕಿದ್ದಾಗ. ಅಲ್ಲಿಂದಾಚೆ ಅವನ ಬದುಕೆಲ್ಲ ಆಗ್ರಾ, ಅಲಿಗಢ, ರಜಪೂತಾನದ ಕಡೆ. ಕೋಟೆ ಬಿದ್ದ ಹೊತ್ತಿನಲ್ಲಿ ಅವನು ಸಾವಿರಾರು ಮೈಲಿ ದೂರ, ಯುರೋಪಿನಲ್ಲಿ, ಮುರಿದುಬಿದ್ದ ಹೊಸ ಸಂಸಾರದ ತಾಪತ್ರಯದಲ್ಲಿದ್ದ. ಪೊಲ್ಲಿಲೂರಿನಲ್ಲಿ ಟಿಪ್ಪುವಿನ ಕೈಗೆ ಸಿಕ್ಕದೆ ಅವನು ಉಳಿದುಕೊಂಡದ್ದಷ್ಟೇ ನಿಜ. ನೂರ್ ಬೇಗಂಗೆ ಅವನು ಮಾಡಿದ್ದು ತಪ್ಪು. ಅದನ್ನು ಯಾವ ದಾನವೂ ತೊಳೆಯೋದಿಲ್ಲ. ಆದರೆ ಮಾಡದ ತಪ್ಪನ್ನು ಹೊರಿಸೋದು ಬೇಡ.

ಆನೆಗಳಿಗೆ ಈ ಗುಸುಗುಸು ಏನೂ ಮಾಡಲಿಲ್ಲ ನೋಡಿ. ಊರಿನವರು ಅವನನ್ನು ಹೊಗಳಲಿ, ಬೈಯಲಿ, ಆನೆಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಗೇಲಿ ಮಾಡಿ ಹೆಸರಿಟ್ಟ ಜನವೇ ಅವನ್ನು ಊರಿನ ಗುರುತು ಮಾಡಿಕೊಂಡರು. ಸ್ನೇಹಿತರು ಸೇರೋದು ಆನೆಗಳ ಹತ್ತಿರ, ದಾರಿ ಕೇಳಿದರೆ ಆನೆಗಳಿಂದ ಎಡಕ್ಕೋ ಬಲಕ್ಕೋ. ಊರಿಗೆ ಬೇರೆ ಹಿರಿಮೆ ಇಲ್ಲ ಅಂತಲ್ಲ. ಇದೇ ಊರಂಚಿನ ಶಾರ್ಮೆಟ್ ತೋಟದ ಮನೆಯಲ್ಲಿ ತತ್ವಜ್ಞಾನಿ ರೂಸೋ ಯೌವನದ ಕೆಲವು ವರ್ಷ ಕಳೆದ. ಏಸುವಿನದು ಅಂತ ನಂಬುವ ಶವವಸ್ತ್ರ, ಈಗ ಟ್ಯೂರಿನ್ನಿನಲ್ಲಿರೋದು, 1578ರವರೆಗೆ ಇಲ್ಲಿನ ಅರಮನೆಯ ಚರ್ಚಿನಲ್ಲಿತ್ತು. ಅಷ್ಟೆಲ್ಲ ಇರುವ ಊರಾದರೂ ಪೋಸ್ಟ್ ಕಾರ್ಡಿಗೆ ಆನೆಯೇ ಬೇಕು. 1982ರಲ್ಲಿ ಸರ್ಕಾರ ಅದನ್ನು ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2014–15ರಲ್ಲಿ ದೊಡ್ಡ ದುರಸ್ತಿಯೂ ಆಯಿತು. ಕಬ್ಬಿಣ, ಮೇಲೆ ಹಗಲೂ ರಾತ್ರಿ ನೀರು, ತುಕ್ಕು ಹಿಡಿಯದೇ ಇರುತ್ತೆಯೇ? ಸಾರ್ವಜನಿಕ ಆಸ್ತಿಯನ್ನು ಹೀಗೆ ನೋಡಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಎಷ್ಟೋ ಪಾರ್ಕುಗಳ ಕಾರಂಜಿಗೆ ಉದ್ಘಾಟನೆಯ ದಿನ ಬಿಟ್ಟರೆ ಮತ್ತೆ ನೀರು ಬರೋದಿಲ್ಲ. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಲಿಯೋನ್, ಜಿನೀವಾ, ಗ್ರೆನೋಬಲ್ ಕಡೆ ಇದ್ದರೆ ಒಂದು ಮಾತು ಹೇಳಿ. ಶಾಂಬೆರಿ ಅಲ್ಲಿಂದ ದೂರವಲ್ಲ, ರೈಲಿದೆ. ಹೋಗಿ ಆನೆಗಳ ಸುತ್ತ ಒಂದು ಸುತ್ತು ಬರಲಿ. ಪಕ್ಕದಲ್ಲಿ ಯಾರಾದರೂ ಕಂಬದ ಮೇಲಿನವನು ಟಿಪ್ಪುವನ್ನು ಮಾರಿದವನಂತೆ ಅಂದರೆ, ಅಲ್ಲ ಅಂತ ತಾರೀಖು ಹೇಳಿ ತಿದ್ದಲಿ. ಆಮೇಲೆ ರಾಣಾ ಖಾನನ ಹೆಸರನ್ನೂ ನೂರ್ ಬೇಗಮ್ಮಳ ಹೆಸರನ್ನೂ ಅವರಿಗೆ ಹೇಳಿ ಬರಲಿ. ಆ ಸ್ಮಾರಕದಲ್ಲಿ ಆನೆಗಳಿಗಿರುವಷ್ಟೇ ಹಕ್ಕು ಅವರಿಬ್ಬರಿಗೂ ಇದೆ.